ಬೆನಿಲ್ದಾಳ ಹೊಲದಲ್ಲಿ ಮಳೆಮಾಪಕ

ಬೂಟು ಕೊಳೆಯುತ್ತದೆ ಎಂಬುದು ಅಮೆರಿಕದ ಸೈನ್ಯಕ್ಕೆ ಗೊತ್ತಿತ್ತು. ಎಷ್ಟು ಮಳೆಗೆ, ಎಂಥ ಸೆಕೆಗೆ ಕೊಳೆಯುತ್ತದೆ ಎಂಬುದು ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿಯಲೆಂದೇ ಅರವತ್ತರ ದಶಕದ ನಡುವಿನಲ್ಲಿ ಹಾರ್ಲನ್ ಲುಂಡೀನ್ ಎಂಬ ಹವಾಮಾನ ತಜ್ಞರನ್ನು ಅಮೆರಿಕದ ಉತ್ತರದ ಹಿಮಸೀಮೆಯಿಂದ ನಮ್ಮ ಪನಾಮಾ ಕಾಲುವೆಯ ವಲಯಕ್ಕೆ ಕರೆಸಿದರು. ಅವರು ಬಂದದ್ದು ಮೇ ತಿಂಗಳಲ್ಲಿ, ಮಳೆ ಹಿಡಿದುಕೊಂಡ ವಾರದಲ್ಲೇ. ವಿಮಾನದಿಂದ ಇಳಿದು ಜೀಪು ಹತ್ತುವಷ್ಟರಲ್ಲಿ ಅವರ ಸೂಟಿನ ಬಣ್ಣ ಅಂಗಿಗೆ ಇಳಿದಿತ್ತು. "ಇದು ಮಳೆಯಾ, ಇಲ್ಲಾ ಯಾರಾದರೂ ಕೆರೆ ಎತ್ತಿ ಸುರೀತಿದಾರಾ?" ಎಂದು ಕೇಳಿದರು. "ಇದು ತುಂತುರು ಸರ್" ಎಂದೆ ನಾನು.

ನಾನು ಕ್ಲೆಮೆಂಟ್ ಗಿಟ್ಟೆನ್ಸ್. ಕಾಲುವೆ ಅಗೆಯಲು ಬಾರ್ಬಡೋಸಿನಿಂದ ಬಂದ ಅಜ್ಜನ ಮೊಮ್ಮಗ, ಕಾಲುವೆಯ ದಂಡೆಯ ಗಾಂಬೋವಾದಲ್ಲಿ ಹುಟ್ಟಿದವನು. ಮನೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಸ್ಪ್ಯಾನಿಷು. ಅದಕ್ಕೇ ನನ್ನನ್ನು ಲುಂಡೀನರಿಗೆ ಕೊಟ್ಟರು. ಉಪಕರಣ ಹೊರುವವನು, ದೋಣಿ ನಡೆಸುವವನು, ದುಭಾಷಿ, ಜೊತೆಗೆ ದಿನಕ್ಕೆ ಹತ್ತು ಸಲ ಅವರ ಕನ್ನಡಕ ಹುಡುಕಿಕೊಡುವವನು, ಎಲ್ಲ ನಾನೇ.

ಕೆಲಸ ಹೇಳಲು ಸುಲಭ. ಸೈನ್ಯವು ಬೂಟು, ಡೇರೆ, ಪ್ಯಾರಾಚೂಟಿನ ಬಟ್ಟೆ, ರೇಡಿಯೊ ಎಲ್ಲವನ್ನೂ ತಂದು ನಮ್ಮ ಕಾಡಿನಲ್ಲಿ ಇಟ್ಟು ಎಷ್ಟು ಕಾಲ ಬಾಳುತ್ತವೆ ಎಂದು ನೋಡುತ್ತಿತ್ತು. ಒಂದು ಬೂಟು ಒಂದೇ ತಿಂಗಳಲ್ಲಿ ಬಾಯಿ ಬಿಟ್ಟರೆ ತಪ್ಪು ಬೂಟಿನದೋ, ತಿಂಗಳಿನದೋ ಹೇಳಬೇಕಲ್ಲ. ಅದಕ್ಕೆ ಮಳೆ, ಗಾಳಿ, ತೇವ, ಸೆಕೆ ಅಳೆಯುವ ಕೇಂದ್ರಗಳು ಬೇಕು. ನಮ್ಮ ದೇಶದ ಸೊಂಟ ಸಣ್ಣದು. ಬೆಳಿಗ್ಗೆ ಒಂದು ಸಮುದ್ರದಲ್ಲಿ ಮುಖ ತೊಳೆದು ಮಧ್ಯಾಹ್ನ ಇನ್ನೊಂದರಲ್ಲಿ ಕಾಲು ತೊಳೆಯಬಹುದು. ಆದರೂ ಅಟ್ಲಾಂಟಿಕ್ ಕಡೆ ಬೀಳುವ ಮಳೆಗೂ ಪೆಸಿಫಿಕ್ ಕಡೆ ಬೀಳುವ ಮಳೆಗೂ ಸಂಬಂಧವಿಲ್ಲ. ದಂಡೆಯ ಮೇಲಿನ ಕೇಂದ್ರ ಬೆಟ್ಟದ ಪರವಾಗಿ ಮಾತಾಡಲಾರದು. ಆದ್ದರಿಂದ ಲುಂಡೀನರು ಗೋಡೆಯ ಮೇಲೆ ನಕ್ಷೆ ಹಚ್ಚಿ, ಸಮುದ್ರದಿಂದ ಸಮುದ್ರಕ್ಕೆ ಒಂದು ಸಾಲು ಗುಂಡುಸೂಜಿ ಚುಚ್ಚಿದರು.

ನಮ್ಮ ಮೇಲಿದ್ದವರು ಮೇಜರ್ ಪ್ರೂಯಿಟ್. ಮಾತು ಕಡಿಮೆ, ಮೀಸೆ ಜಾಸ್ತಿ. ಅವರು ನಕ್ಷೆಯ ಮುಂದೆ ನಿಂತು ಕೇಳಿದರು: "ಇಷ್ಟೊಂದು ಯಾಕ್ರೀ?"

"ಇದಕ್ಕಿಂತ ಕಮ್ಮಿ ಆದ್ರೆ ಊಹೆ ಮಾಡ್ದ ಹಾಗೆ ಆಗತ್ತೆ, ಮೇಜರ್."

"ಊಹೆ ಮಾಡಿ. ಸೈನ್ಯ ನಡೆಯೋದೇ ಹಾಗೆ."

ಕೊನೆಗೆ ಅರ್ಧ ಸೂಜಿಗಳು ಉಳಿದವು. ಅದರಲ್ಲೂ ತಾನೇ ಬರೆದುಕೊಳ್ಳುವ ಯಂತ್ರಗಳನ್ನಿಟ್ಟ ಕಡೆ ಬರೀ ಪಜೀತಿ. ಒಂದರಲ್ಲಿ ಕಣಜ ಗೂಡು ಕಟ್ಟಿತು. ಒಂದರ ಕಾಗದಕ್ಕೆ ಬೂಸಲು ಹಿಡಿದು, ಮಳೆಯ ಗೆರೆ ಯಾವುದು, ಬೂಸಲಿನ ಗೆರೆ ಯಾವುದು ತಿಳಿಯಲಿಲ್ಲ. ಇನ್ನೊಂದರಲ್ಲಿ ಉಪಕರಣ ಇಟ್ಟ ಬಿಳಿ ಪೆಟ್ಟಿಗೆಯ ಕಾಲನ್ನು ಗೆದ್ದಲು ತಿಂದು, ಅದು ಕುಡಿದವನ ಹಾಗೆ ಒರಗಿತ್ತು. ಹುಲ್ಲಂತೂ ಕೇಳಲೇಬೇಡಿ. ಈ ವಾರ ಕೊಯ್ದರೆ ಮುಂದಿನ ವಾರ ಮೊಣಕಾಲಿಗೆ, ಅದರ ಮುಂದಿನ ವಾರ ಮಳೆಮಾಪಕದ ಬಾಯಿಗೆ.

ಎಲ್ಲಕ್ಕಿಂತ ಕಷ್ಟದ ಸೂಜಿ ಚಾಗ್ರೆಸ್ ನದಿಯ ಮೇಲ್ಗಡೆಯದು. ಮಳೆಮಾಪಕಕ್ಕೆ ಬಯಲು ಬೇಕು. ಸುತ್ತಲಿನ ಮರಗಳು ಅವುಗಳ ಎತ್ತರದ ಎರಡರಷ್ಟಾದರೂ ದೂರವಿರಬೇಕು. ಆ ಕಾಡಿನಲ್ಲಿ ಬಯಲು ಎಲ್ಲಿಂದ ಬರಬೇಕು? ನಾವು ದೋಣಿಯಲ್ಲಿ ಹಳ್ಳಹಳ್ಳ ಹತ್ತಿ ಇಳಿದೆವು. ಕಾಡು ಎಲ್ಲೂ ಒಂದು ಅಂಗೈಯಷ್ಟು ಜಾಗ ಬಿಟ್ಟುಕೊಡಲಿಲ್ಲ.

ಜುಲೈಯ ಒಂದು ಬೆಳಿಗ್ಗೆ ಗಾರ್ಸಾ ಎಂಬ ಹಳ್ಳದ ತಿರುವು ದಾಟಿದಾಗ ಮರಗಳು ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿದವು. ಮುಂದೆ ಬಿಸಿಲು. ಮರಗೆಣಸಿನ ಸಾಲು, ಮೆಕ್ಕೆಜೋಳ, ಬಾಳೆ. ಆಚೆ ಕಂಬಗಳ ಮೇಲೆ ನಿಂತ ಗರಿಯ ಮನೆ. ಮನೆಯ ಕೆಳಗೆ ಹೊಗೆಯಾಡುವ ಒಲೆ, ಆದರೆ ನರಪಿಳ್ಳೆ ಇಲ್ಲ.

ಲುಂಡೀನರ ಮುಖ ಅರಳಿತು. "ಗಿಟ್ಟೆನ್ಸ್, ದೇವರೇ ನಮಗೋಸ್ಕರ ಕಡಿದಿಟ್ಟ ಹಾಗಿದೆ."

"ದೇವರಿಗೆ ಮರಗೆಣಸು ನೆಡೋ ಅಭ್ಯಾಸ ಇಲ್ಲ ಸರ್. ಇಲ್ಲಿ ಯಾರೋ ಇದಾರೆ."

ಯಾರೋ ಇದ್ದರು, ಇರಬಾರದಿತ್ತು. ಅದು ವಲಯದ ನೆಲ, ಅಮೆರಿಕದವರ ಆಡಳಿತದ್ದು. ಅಲ್ಲಿ ಹೇಳದೆ ಕೇಳದೆ ಬೇಸಾಯ ಮಾಡುವವರನ್ನು ಪೊಲೀಸರು ಎಬ್ಬಿಸಿ ಕಳಿಸುತ್ತಿದ್ದರು. ನಮ್ಮ ದೋಣಿಯ ಮೋಟಾರಿನ ಸದ್ದಿಗೇ ಮನೆಯವರು ಕಾಡು ಸೇರಿದ್ದಾರೆಂದು ನನಗೆ ಹೊಳೆಯಿತು. ಲುಂಡೀನರಿಗೆ ಅದೊಂದೂ ಹೊಳೆಯಲಿಲ್ಲ. ಟೇಪು ಬಿಚ್ಚಿ, ತುದಿ ನನ್ನ ಕೈಗೆ ಕೊಟ್ಟು, "ಆ ದೊಡ್ಡ ಮರದ ತನಕ ಹೋಗು" ಎಂದರು.

ನಾನು ಮರಗೆಣಸಿನ ಸಾಲಿನ ನಡುವೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಹೋದೆ. ಮೀನಖಂಡಕ್ಕೆ ಯಾರೋ ಕಾದ ಮೊಳೆ ಹೊಡೆದ ಹಾಗಾಯಿತು. ತಿರುಗಿ ನೋಡಿದರೆ ತರಗೆಲೆಯ ಬಣ್ಣದ ಹಾವು, ಬೆನ್ನ ಮೇಲೆ ಕತ್ತರಿ ಕತ್ತರಿ ಗುರುತು. ಆ ಗುರುತಿನ ವಿಷದ ಹಾವನ್ನು ಗಾಂಬೋವಾದ ಕೂಸೂ ಬಲ್ಲದು. ಸುಮ್ಮನೆ ಟೇಪಿನ ತುದಿ ಹಿಡಿದುಕೊಂಡೇ ಕೂತುಬಿಟ್ಟೆ.

ಕಾಡಿನಂಚಿನಿಂದ ಒಬ್ಬ ಹೆಂಗಸು ಮಚ್ಚು ಹಿಡಿದು ಓಡಿ ಬಂದಳು. ಗಟ್ಟಿ ಆಳು, ನಡುವಯಸ್ಸು, ತಲೆಗೆ ಹುಲ್ಲಿನ ಟೋಪಿ. ಒಂದೇ ಏಟಿಗೆ ಹಾವು ಎರಡಾಯಿತು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಗೆಣಸಿನ ಮೇಲೇ ಕೂತಿದೀಯಲ್ಲೋ, ಏಳ್ಬೇಡ, ಅಲ್ಲಾಡ್ಬೇಡ. ಕೂತ್ಕೊ" ಎಂದಳು. ಅವಳೇ ಬೆನಿಲ್ದಾ.

ಅವಳ ಹಿಂದೆ ತಮ್ಮ ನಿಕನೋರ್ ಬಂದ. ಲುಂಡೀನರು ಓಡಿ ಬಂದು ನೋಡಿ ಸುಣ್ಣದ ಹಾಗೆ ಬಿಳುಚಿಕೊಂಡರು. ಚೀಲದಿಂದ ರೇಡಿಯೊ ತೆಗೆದು ಗುಂಡಿ ಒತ್ತಿದರು, ತಿರುವಿದರು, ಬಡಿದರು. ತೇವ ಕುಡಿದ ರೇಡಿಯೊ ಕೆಮ್ಮಲೂ ಇಲ್ಲ.

"ಏನಂತೆ ಆ ಡಬ್ಬ?" ಎಂದಳು ಬೆನಿಲ್ದಾ.

"ಸತ್ತಿದೆ" ಎಂದೆ.

"ಹಂಗಾದ್ರೆ ನೀನು ಸಾಯ್ಬೇಡ. ಒಂದೇ ದಿನ ಇಬ್ಬಿಬ್ಬರನ್ನ ಹೂಳೋಕೆ ನಂಗಾಗಲ್ಲ."

ತಾವು ಮಲಗುವ ಉಯ್ಯಾಲೆಯಂಥ ಜೋಲಿಯನ್ನು ಬಿಚ್ಚಿ ತಂದರು. ನನ್ನನ್ನು ಅದರಲ್ಲಿ ಮಲಗಿಸಿ ಹಳ್ಳದವರೆಗೆ ಹೊತ್ತರು; ಒಂದು ತುದಿ ನಿಕನೋರ್, ಒಂದು ತುದಿ ಲುಂಡೀನ್. ಅಷ್ಟರಲ್ಲಿ ಹಳ್ಳದ ನೀರು ಇಳಿದು ನಮ್ಮ ಮೋಟಾರು ದೋಣಿಯ ತಳ ಕಲ್ಲಿನ ಮೇಲೆ ಕೂತಿತ್ತು. "ನಿಮ್ಮ ದೋಣಿ ದೊಡ್ಡ ಹೊಳೆಗೆ ಸರಿ, ಇದಕ್ಕಲ್ಲ" ಎಂದು ನಿಕನೋರ್ ತನ್ನ ಮರದ ದೋಣಿಯನ್ನೇ ನೀರಿಗೆ ತಳ್ಳಿದ. ಬೆನಿಲ್ದಾ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಕಾಲು ಆಗಲೇ ಬಾಳೆದಿಂಡಿನಷ್ಟು ಊದಿತ್ತು. ವಸಡಿನಿಂದ ರಕ್ತ ಬರತೊಡಗಿತು. ಕಣ್ಣು ಎಳೆಯುತ್ತಿತ್ತು. ಆ ಹೆಂಗಸು ಕಣ್ಣು ಮುಚ್ಚಲು ಬಿಟ್ಟರೆ ತಾನೆ.

"ಮದುವೆ ಆಗಿದ್ಯಾ?"

"ಹ್ಞೂಂ."

"ಹೆಸರೇನು?"

"ವೆರೋನಾ."

"ಅಡುಗೆ ಹೆಂಗೆ ಮಾಡ್ತಾಳೆ?"

"ಚೆನ್ನಾಗಿ."

"ಸುಳ್ಳು. ಒಣಮೀನಿನ ಹಾಗಿದೀಯ. ಚೆನ್ನಾಗಿ ಮಾಡಿದ್ರೆ ಹಿಂಗಿರ್ತಿದ್ಯಾ? ಏನ್ ಮಾಡ್ತಾಳೆ ಹೇಳು. ಒಂದೊಂದಾಗಿ ಹೇಳು."

ನಾನು ಹೇಳಿದೆ. ತೆಂಗಿನಹಾಲಿನ ಅನ್ನ, ಅವರೆಕಾಳು, ಉಪ್ಪುಮೀನಿನ ವಡೆ, ಕ್ರಿಸ್‌ಮಸ್ಸಿನ ಕಪ್ಪು ಕೇಕು. ಪ್ರತಿಯೊಂದಕ್ಕೂ ಅವಳದೊಂದು ತಕರಾರು. ಅನ್ನಕ್ಕೆ ತೆಂಗಿನಹಾಲು ಯಾವಾಗ ಹಾಕುವುದು ಎಂದು ಕೇಳಿ, ನಾನು ಹೇಳಿದ್ದಕ್ಕೆ "ತಪ್ಪು" ಎಂದಳು. ಸಿಟ್ಟು ಬಂತು. ಸಾಯುತ್ತಿರುವವನಿಗೆ ಹೆಂಡತಿಯ ಅನ್ನದ ವಿಷಯಕ್ಕೆ ಸಿಟ್ಟು ಬರುವುದುಂಟೆ? ನನಗೆ ಬಂತು. ಅದರ ಬಲದಲ್ಲೇ ಕಣ್ಣು ತೆರೆದುಕೊಂಡಿದ್ದೆ.

ದೊಡ್ಡ ಹೊಳೆ ಸೇರಿದ ಮೇಲೆ ನಿಕನೋರ್ ಹುಟ್ಟು ನಿಲ್ಲಿಸಿ ತಗ್ಗಿದ ದನಿಯಲ್ಲಿ ಹೇಳಿದ: "ಅಕ್ಕಾ, ಗಾಂಬೋವಾ ದೋಣಿಕಟ್ಟೇಲಿ ಪೊಲೀಸರಿರ್ತಾರೆ. ಇಲ್ಲೇ ತಿರುವಿನಲ್ಲಿ ಇವರನ್ನ ಇಳಿಸಿಬಿಡಾಣ. ಅಲ್ಲಿಂದ ಗ್ರಿಂಗೊ ಎತ್ಕೊಂಡು ಹೋಗ್ತಾನೆ."

ಗ್ರಿಂಗೊ ಎಂದರೆ ಅಮೆರಿಕದವನು; ಬೆನಿಲ್ದಾ ಲುಂಡೀನರನ್ನು ನೋಡಿದಳು. ಅವರು ದೋಣಿಯ ಮೂಲೆಯಲ್ಲಿ ನನ್ನ ಕಾಲು ಹಿಡಿದು, ಕನ್ನಡಕ ಎಲ್ಲೋ ಬೀಳಿಸಿಕೊಂಡು, ಮಗುವಿನ ಹಾಗೆ ಕೂತಿದ್ದರು.

"ಗ್ರಿಂಗೊ ತನ್ನ ಕನ್ನಡಕಾನೇ ಎತ್ಕೊಂಡು ಹೋಗಲಾರ. ನೀ ಹುಟ್ಟು ಹಾಕು."

"ಆಮೇಲೆ ನಮ್ಮ ಗತಿ?"

"ಆಮೇಲಿಂದು ಆಮೇಲೆ. ಹಾಕೋ ಅಂದ್ನಲ್ಲ."

ಆ ಮಾತು ಲುಂಡೀನರಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಮನೆ, ಹೊಲ, ಆ ವರ್ಷದ ಬೆಳೆ ಎಲ್ಲವನ್ನೂ ಪಣಕ್ಕಿಟ್ಟು ಅವರು ಹುಟ್ಟು ಹಾಕುತ್ತಿದ್ದಾರೆ. ನನ್ನ ಹೆಸರನ್ನು ಕೂಡ ಅವರು ಇನ್ನೂ ಕೇಳಿರಲಿಲ್ಲ.

ಕಟ್ಟೆಯಲ್ಲಿ ಪೊಲೀಸ್ ಇದ್ದ. ಆಂಬುಲೆನ್ಸಿಗೆ ಫೋನು ಮಾಡಿದವನೂ ಅವನೇ, ಅದಕ್ಕೆ ಅವನಿಗೂ ನನ್ನ ನಮಸ್ಕಾರ ಸಲ್ಲಬೇಕು. ನನ್ನನ್ನು ಎತ್ತುವಾಗ ಅವನು ಬೆನಿಲ್ದಾಳಿಗೆ "ನೀವು ಎಲ್ಲಿಯವರು?" ಎಂದ. "ಮೇಲಿನವರು" ಎಂದಳು ಅವಳು. "ಮೇಲೆ ಅಂದ್ರೆ ಎಲ್ಲಿ?" ಎನ್ನುವಷ್ಟರಲ್ಲಿ ಲುಂಡೀನರು ನಡುವೆ ಬಂದು ನಿಂತರು. "ಇವರು ನನ್ನ ಜೊತೆಯವರು. ಹವಾಮಾನದ ಕೆಲಸ" ಎಂದು ಅಷ್ಟೇ ಹೇಳಿದರು. ಆಂಬುಲೆನ್ಸಿನ ಬಾಗಿಲು ಮುಚ್ಚಿತು. ಮುಂದಿನದು ನನಗೆ ನೆನಪಿಲ್ಲ.

ಕಾಲು ಉಳಿಯಿತು. ಮೀನಖಂಡದಲ್ಲಿ ಒಂದು ಹಿಡಿ ಮಾಂಸ ಹೋಯಿತು, ಈಗಲೂ ಮಳೆಗಾಲದಲ್ಲಿ ಕುಂಟುತ್ತೇನೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಔಷಧಿ ಕೊಟ್ಟೂ ಪ್ರಯೋಜನವಿರಲಿಲ್ಲ ಎಂದು ವೈದ್ಯರು ವೆರೋನಾಗೆ ಹೇಳಿದರಂತೆ. ಅವಳು ಅದನ್ನು ನನಗೆ ಹೇಳಲಿಲ್ಲ. ಹಾಸಿಗೆಯ ಪಕ್ಕ ಕೂತು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಅಷ್ಟು ದೊಡ್ಡ ಹಾವು ಕಾಣ್ಸಲಿಲ್ವಾ ನಿಮಗೆ?" ಎಂದು ಬೈದಳು.

ಲುಂಡೀನರು ದಿನಾ ಬರುತ್ತಿದ್ದರು. ಹೊಸ ಕನ್ನಡಕ, ಕೈಯಲ್ಲಿ ಮಾವಿನ ಹಣ್ಣು. ಒಂದು ದಿನ ಹಣ್ಣು ಕೊಟ್ಟು, ಕನ್ನಡಕ ತೆಗೆದು ಒರೆಸುತ್ತಲೇ ಕೂತರು.

"ಏನಾಯ್ತು ಸರ್?"

"ಆ ಜಾಗಕ್ಕೆ ಸೂಜಿ ಚುಚ್ಚಿಲ್ಲ" ಎಂದರು.

"ಯಾಕೆ?"

"ಚುಚ್ಚಿದ್ರೆ ಬಯಲು ಹೇಗೆ ಬಂತು ಅಂತ ಮೇಜರ್ ಕೇಳ್ತಾರೆ. ಹೇಳಿದ್ರೆ ಅವರನ್ನ ಎಬ್ಬಿಸ್ತಾರೆ. ಚುಚ್ಚದೇ ಇದ್ರೆ ಸಾಲಿನಲ್ಲಿ ದೊಡ್ಡ ತೂತು ಉಳಿಯತ್ತೆ. ಹೊಳೆಯ ಮೇಲ್ಗಡೆ ಎಷ್ಟು ಮಳೆ ಬೀಳತ್ತೆ ಅನ್ನೋದೇ ಗೊತ್ತಿಲ್ಲದೆ ಹುಡುಗರನ್ನ ಅಲ್ಲಿ ಡೇರೆ ಹಾಕೋಕೆ ಕಳಿಸ್ತಾರೆ." ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದರು: "ಅವತ್ತು ದೋಣೀಲಿ ನಾನು ನಿನ್ನ ಕಾಲು ಹಿಡ್ಕೊಂಡು ಕೂತಿದ್ದೆ, ಅಷ್ಟೇ. ನಿನ್ನನ್ನ ಉಳಿಸಿದವರು ಅವರು. ಅವರ ಮನೆ ನನ್ನಿಂದ ಹೋಗಬಾರದು."

ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಬೂಸಲು ಹಿಡಿದ ಕಾಗದ, ಕಣಜದ ಗೂಡು, ಒರಗಿದ ಪೆಟ್ಟಿಗೆ ಎಲ್ಲದರ ಮಾತೂ ಬಂತು. ಎಲ್ಲ ಕಡೆಯೂ ಕೊರತೆ ಒಂದೇ: ನೋಡಿಕೊಳ್ಳುವ ಮನುಷ್ಯ. ಇದ್ದಕ್ಕಿದ್ದಂತೆ ಲುಂಡೀನರು ಎದ್ದು ನಿಂತರು. "ಮುಚ್ಚಿಡೋದು ಬೇಡ, ಹೋಗಿ ಕೇಳಿಬಿಡೋಣ" ಎಂದರು.

ನಾನು ಊರುಗೋಲು ಹಿಡಿದು ನಡೆಯುವ ಹಾಗಾದ ಮೇಲೆ ಇಬ್ಬರೂ ಮೇಜರ್ ಪ್ರೂಯಿಟ್ ಮುಂದೆ ನಿಂತೆವು. ಲುಂಡೀನರು ಎಲ್ಲವನ್ನೂ ಹೇಳಿದರು. ಮೇಜರ್ ಮೀಸೆ ತಿರುವಿದರು.

"ಅಲ್ಲಿ ಜನ ಇದಾರೆ ಅಂದ್ರೆ ಎಬ್ಬಿಸ್ಬೇಕು. ನಿಯಮ ಇರೋದೇ ಹಾಗೆ."

"ಎಬ್ಬಿಸಿ. ಕ್ರಿಸ್‌ಮಸ್ ಹೊತ್ತಿಗೆ ಆ ಬಯಲು ಕಾಡಾಗಿರತ್ತೆ. ಆಮೇಲೆ ವಾರಕ್ಕೊಂದು ಸಲ ದೋಣಿ, ಮೋಟಾರು, ಇಬ್ಬರು ಸಿಪಾಯಿಗಳು, ಹುಲ್ಲು ಕೊಯ್ಯೋಕೆ. ಕಣಜ ಬಿಡಿಸೋಕೆ ಇನ್ನೊಬ್ಬ. ಅವರಿಗೆ ಹಾವು ಕಚ್ಚಿದ್ರೆ ಹೊತ್ಕೊಂಡು ಬರೋಕೆ ಅಲ್ಲಿ ಯಾರೂ ಇರಲ್ಲ."

ಮೇಜರ್ ನನ್ನ ಕಡೆ ನೋಡಿದರು. "ನಿಂಗೇನನ್ಸತ್ತೆ ಗಿಟ್ಟೆನ್ಸ್?"

"ನನ್ನ ಮಾತು ಲೆಕ್ಕಕ್ಕೆ ತಗೋಬೇಡಿ ಸರ್. ಆ ಹೆಂಗಸು ಇಲ್ದಿದ್ರೆ ನಾನು ಇಲ್ಲಿ ನಿಂತು ಉತ್ತರ ಕೊಡ್ತಿರಲಿಲ್ಲ."

"ಅದೂ ಒಂದು ಉತ್ತರಾನೇ" ಎಂದರು ಮೇಜರ್. ಎದ್ದು ಹೋಗಿ ನಕ್ಷೆ ನೋಡಿದರು. ಡಬ್ಬಿಯಿಂದ ತಾವೇ ಒಂದು ಸೂಜಿ ತೆಗೆದು ಗಾರ್ಸಾ ಹಳ್ಳದ ಮೇಲೆ ಚುಚ್ಚಿದರು. "ಕೇಂದ್ರಕ್ಕೆ ಕಾವಲಿನವರು ಬೇಕು. ಕಾವಲಿನವರಿಗೆ ಮನೆ ಬೇಕು. ಮನೆ ಯಾವಾಗ ಕಟ್ಟಿದ್ದು ಅಂತ ನನಗೆ ಹೇಳಬೇಡಿ, ನಾನೂ ಕೇಳಲ್ಲ. ಹೊರಡಿ."

ಆ ಮನುಷ್ಯ ಕಲ್ಲು ಎಂದು ತಿಳಿದಿದ್ದೆ. ಅವತ್ತಿನಿಂದ ಆ ಮೀಸೆಯ ಮೇಲೆ ನನಗೆ ಒಂಥರಾ ಮಮತೆ ಹುಟ್ಟಿತು.

ನಾವು ಗೆದ್ದೆವೆಂದೇ ತಿಳಿದು ಗಾರ್ಸಾಕ್ಕೆ ಹೋದೆವು. ಈ ಸಲ ಮೋಟಾರನ್ನು ದೂರದಲ್ಲೇ ನಿಲ್ಲಿಸಿ ಕೂಗು ಹಾಕಿದೆ. ಬೆನಿಲ್ದಾ ಒಲೆಯ ಮುಂದೆಯೇ ಕೂತಿದ್ದಳು, ಓಡಿರಲಿಲ್ಲ. ನನ್ನನ್ನು ಕಂಡು, "ಬದುಕಿದ್ಯಾ ಒಣಮೀನು?" ಎಂದಳು. ಕಾಫಿ ಕೊಟ್ಟಳು. ನಾನು ವಿಷಯ ಹೇಳಿದೆ. ಅವಳು ಮುಖ ಗಂಟಿಕ್ಕಿದಳು.

"ಬೇಡ" ಎಂದಳು.

"ಯಾಕಮ್ಮಾ? ಯಾರೂ ಎಬ್ಬಿಸಲ್ಲ. ಸಂಬಳಾನೂ ಬರತ್ತೆ."

"ನಮ್ಮಪ್ಪನ ಊರಿಗೂ ಹಿಂಗೇ ಕೋಲು ನೆಟ್ಟು ಅಳೆಯೋಕೆ ಬಂದಿದ್ರಂತೆ. ಒಳ್ಳೇ ಮಾತಾಡಿದ್ರಂತೆ, ಅವ್ವನ ಕೈಲಿ ಕಾಫೀನೂ ಕುಡಿದ್ರಂತೆ. ಆಮೇಲೆ ಅಣೆಕಟ್ಟು ಬಂತು, ಊರು ಕೆರೆ ಕೆಳಗೆ ಹೋಯ್ತು. ಕೆರೆ ಇಳಿದಾಗ ಈಗ್ಲೂ ಮರದ ತುದಿ ಕಾಣತ್ತೆ, ನೋಡಿದೀಯಲ್ಲ. ಅಳೆಯೋರು ಬಂದ ಕಡೆ ಜನ ಉಳಿಯಲ್ಲ. ನಿನ್ನ ಉಳಿಸ್ದೆ, ಸರಿ. ಅದಕ್ಕೆ ನನ್ನ ಹೊಲದಲ್ಲಿ ಕೋಲು ನೆಡ್ಬೇಡ."

ನಾನು ಇದನ್ನು ಲುಂಡೀನರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ವಾದ ಮಾಡುತ್ತಾರೆಂದು ಕಾದೆ. ಅವರು ಲೋಟ ಕೆಳಗಿಟ್ಟು, "ಹಾಗಾದರೆ ಬೇಡ" ಎಂದರು.

"ಏನಂದ?" ಎಂದಳು ಬೆನಿಲ್ದಾ.

"ಬೇಡ ಅಂದ್ರೆ ಬೇಡ ಅಂತಾರೆ."

"ಅಷ್ಟೇನಾ? ಅವನ ಸಾಹೇಬನಿಗೆ ಏನ್ ಹೇಳ್ತಾನೆ?"

ನಾನು ಕೇಳಿದೆ. ಲುಂಡೀನರು ಯೋಚಿಸಿ ಹೇಳಿದರು: "ಹೊಲದ ಯಜಮಾನಿ ಒಪ್ಪಲಿಲ್ಲ ಅಂತ ಹೇಳ್ತೀನಿ."

ಅದನ್ನು ಸ್ಪ್ಯಾನಿಷಿಗೆ ತಿರುಗಿಸಿದೆ. ಬೆನಿಲ್ದಾ ನಗಲು ಶುರು ಮಾಡಿದಳು. ನಿಕನೋರ್‌ನ ಕಡೆ ತಿರುಗಿ, "ಕೇಳಿದ್ಯೇನೋ? ಯಜಮಾನಿಯಂತೆ" ಎಂದಳು. ನಕ್ಕು ನಕ್ಕು ತಲೆಗೆ ಕಟ್ಟಿದ್ದ ಬಟ್ಟೆಯ ತುದಿಯಿಂದ ಕಣ್ಣು ಒರೆಸಿಕೊಂಡಳು. ಒರೆಸಿಕೊಂಡದ್ದು ಪೂರ್ತಿ ನಗುವಿನ ನೀರಲ್ಲ. ಆ ನೆಲದ ಮೇಲೆ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ.

ನಾವು ಎದ್ದು ಹಳ್ಳದವರೆಗೆ ಬಂದೆವು. ಹಿಂದಿನಿಂದ ಅವಳ ದನಿ ಕೇಳಿತು.

"ಏ ಒಣಮೀನು. ಆ ಕೋಲು ಎಷ್ಟು ಎತ್ತರ?"

"ಸೊಂಟದಷ್ಟು."

"ಬೇಲಿ ಹಾಕ್ತಾರಾ?"

"ಯಂತ್ರದ ಸುತ್ತ ಸಣ್ಣದು."

"ಮನೆ ಸುತ್ತ ಹಾಕಂಗಿಲ್ಲ. ಬಂದೂಕು ಹಿಡ್ಕೊಂಡು ಯಾರೂ ಬರಂಗಿಲ್ಲ. ಗೆಣಸಿನ ಸಾಲು ಬಿಟ್ಟು ಆ ಕಲ್ಲಿನ ಜಾಗದಲ್ಲಿ ನೆಡ್ಬೇಕು. ಮತ್ತೆ ಕಾವಲಿನ ಕಾಗದಕ್ಕೆ ನಿಕನೋರ್ ಹೆಸರಲ್ಲ, ನನ್ನ ಹೆಸರು ಹಾಕ್ಬೇಕು."

ಲುಂಡೀನರು ಕಲ್ಲಿನ ಜಾಗಕ್ಕೆ ಹೋಗಿ, ಈ ಸಲ ನೆಲ ನೋಡಿಕೊಂಡೇ ಟೇಪು ಎಳೆದರು. ಮರಗಳು ಒಂದು ಕಡೆ ಸ್ವಲ್ಪ ಹತ್ತಿರ. "ಪರವಾಗಿಲ್ಲ" ಎಂದರು. ಅಳತೆಯ ವಿಷಯದಲ್ಲಿ ಆ ಮನುಷ್ಯನ ಬಾಯಿಂದ "ಪರವಾಗಿಲ್ಲ" ಎಂಬ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ಮೊದಲ ತಿಂಗಳು ನಗೆಪಾಟಲು. ಸುತ್ತ ಎಲ್ಲ ಕಡೆ ಧೋ ಎಂದು ಸುರಿದ ವಾರದಲ್ಲಿ ಗಾರ್ಸಾ ಕೇಂದ್ರದಿಂದ ಬಂದ ಲೆಕ್ಕ ಸೊನ್ನೆ, ಸೊನ್ನೆ, ಸೊನ್ನೆ. ಲುಂಡೀನರು ತಲೆ ಕೆಡಿಸಿಕೊಂಡರು. ಬೆಟ್ಟದ ನೆರಳೋ, ಗಾಳಿಯ ತಿರುವೋ ಎಂದು ಏನೇನೋ ಗೀಚಿದರು. ನಾನು ಹೋಗಿ ಕೇಳಿದೆ.

"ನೀರು ಏನಾಯ್ತಮ್ಮಾ?"

"ಎಷ್ಟು ಶುದ್ಧ ನೀರು ಅದು! ಅನ್ನಕ್ಕೆ ಇಟ್ಟೆ. ಯಾಕೆ, ವಾಪಸ್ ಕೊಡಬೇಕಿತ್ತಾ?"

ಲುಂಡೀನರಿಗೆ ಹೇಳಿದಾಗ ಕುರ್ಚಿಯಿಂದ ಬೀಳುವಷ್ಟು ನಕ್ಕರು. ಮರುದಿನವೇ ಹೋಗಿ ಅವಳ ಪಕ್ಕ ಮಂಡಿಯೂರಿ ಕೂತು, ಅಳತೆಗೋಲನ್ನು ಹೇಗೆ ಇಳಿಸಬೇಕು, ನೀರಿನ ಗುರುತು ಎಲ್ಲಿ ನೋಡಬೇಕು, ಆಮೇಲೆ ಎಲ್ಲಿ ಚೆಲ್ಲಬೇಕು ಎಂದು ತೋರಿಸಿದರು. "ಮೊದಲು ಅಳೆದು ಆಮೇಲೆ ಅನ್ನಕ್ಕಿಡಬಹುದಾ ಕೇಳು" ಎಂದಳು ನನಗೆ. ಕೇಳಿದೆ. ಇಡಬಹುದು ಎಂದರು. ಕಲಿಯಲು ಅವಳಿಗೆ ಸ್ವಲ್ಪ ಕಾಲ ಹಿಡಿಯಿತು, ತಪ್ಪೂ ಆದವು. ಆದರೆ ಆ ಯಂತ್ರದಲ್ಲಿ ಒಂದೂ ಕಣಜ ಗೂಡು ಕಟ್ಟಲಿಲ್ಲ, ಅದರ ಸುತ್ತ ಹುಲ್ಲು ಪಾದ ಮುಚ್ಚಲಿಲ್ಲ.

ನಾಲ್ಕು ವರ್ಷದ ಮೇಲೆ ಲುಂಡೀನರು ತಮ್ಮ ಹಿಮಸೀಮೆಗೆ ಮರಳಿದರು. ಹೋಗುವ ಮುನ್ನ ಗಾರ್ಸಾಕ್ಕೆ ಬಂದು, ವಾರವಿಡೀ ಕಲಿತ ಸ್ಪ್ಯಾನಿಷಿನಲ್ಲಿ ಕೃತಜ್ಞತೆ ಹೇಳಲು ನಿಂತು, ಅರ್ಧಕ್ಕೇ ಕ್ರಿಯಾಪದ ಮರೆತು ನಿಂತರು. ಬೆನಿಲ್ದಾ "ಅರ್ಥ ಆಯ್ತು, ಕೂತ್ಕೊಂಡು ಊಟ ಮಾಡು" ಎಂದಳು. ಮೇಜರ್ ಪ್ರೂಯಿಟ್ ಕೂಡ ಬೇರೆಡೆಗೆ ಹೋದರು. ಮುಂದೆ ಎಷ್ಟೋ ವರ್ಷಗಳ ನಂತರ ಅಮೆರಿಕಕ್ಕೂ ನಮ್ಮ ದೇಶಕ್ಕೂ ಒಪ್ಪಂದವಾಗಿ ವಲಯವೇ ಇಲ್ಲವಾಯಿತು. ಸೈನ್ಯ ಯಂತ್ರಗಳನ್ನು ಕಿತ್ತುಕೊಂಡು ಹೋಯಿತು, ಮನೆಯನ್ನು ಯಾರೂ ಮುಟ್ಟಲಿಲ್ಲ. ಪೊಲೀಸ್ ದೋಣಿಯ ಸದ್ದಿಗೆ ಓಡುತ್ತಿದ್ದವಳು, ಯಂತ್ರವಿದ್ದ ಆ ವರ್ಷಗಳಲ್ಲೆಲ್ಲ, ದಂಡೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು, "ಇವತ್ತು ಮೇಲಕ್ಕೆ ಹೋಗ್ಬೇಡಿ, ನೀರು ಬರತ್ತೆ" ಎಂದು ಪೊಲೀಸರಿಗೇ ಹೇಳುತ್ತಿದ್ದಳು. ಅವರೂ ಟೋಪಿ ಮುಟ್ಟಿ ಕೇಳುತ್ತಿದ್ದರು.

ಇಷ್ಟೆಲ್ಲದರ ನಡುವೆ ನಾನು ಅವಳಿಗೆ ನೆಟ್ಟಗೆ ಕೃತಜ್ಞತೆ ಹೇಳಲು ಹೋದ ಸಂಗತಿಯನ್ನೇ ಬಿಟ್ಟೆ. ಅದು ಆದದ್ದು ಮೊದಲ ವರ್ಷದ ಡಿಸೆಂಬರಿನಲ್ಲಿ, ತಾಯಂದಿರ ದಿನ. ನಮ್ಮಲ್ಲಿ ಅವತ್ತು ಕಚೇರಿ, ಅಂಗಡಿ ಎಲ್ಲ ಮುಚ್ಚಿ, ಮಗ ಎನ್ನಿಸಿಕೊಂಡವನೆಲ್ಲ ತಾಯಿಯ ಮನೆಗೆ ಹೋಗುವ ದಿನ. ನನ್ನ ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಬೆಳಿಗ್ಗೆ ವೆರೋನಾ ಇಸ್ತ್ರಿ ಮಾಡಿದ ಅಂಗಿ ತಂದು ಮಂಚದ ಮೇಲಿಟ್ಟು, "ಹೊರಡಿ" ಎಂದಳು. "ಎಲ್ಲಿಗೆ?" ಎಂದೆ. "ಎಲ್ಲಿಗೆ ಅಂತ ಗೊತ್ತಿಲ್ವಾ?" ಎಂದಳು.

ತೆಂಗಿನ ರೊಟ್ಟಿ, ಕಪ್ಪು ಕೇಕು, ಒಂದು ಹೊಸ ಜೋಲಿ ಕಟ್ಟಿಕೊಂಡು ದೋಣಿ ಹತ್ತಿದೆವು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಂದಿಸುತ್ತಿದ್ದೆ. ಮನೆಯ ಕೆಳಗೆ ಬೆನಿಲ್ದಾ ಮರದ ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದಳು. ನಾನು ಟೋಪಿ ತೆಗೆದು ಎದುರಿಗೆ ನಿಂತೆ.

"ಅಮ್ಮಾ, ನೀವು ನನ್ನ ಜೀವ ಉಳಿಸಿದ್ರಿ. ನಿಮ್ಮ ಮನೆ ಹೋಗಬಹುದು ಅಂತ ಗೊತ್ತಿದ್ದೂ ಗಾಂಬೋವಾ ತನಕ ಬಂದ್ರಿ. ನಾನು..." ಕಂಕುಳಲ್ಲಿದ್ದ ಹೊಸ ಜೋಲಿಯನ್ನು ಅವಳ ಮುಂದೆ ಚಾಚಿದೆ.

ಅವಳಿಗೆ ಮುಜುಗರವಾಯಿತು. ಒನಕೆ ನಿಲ್ಲಿಸದೆಯೇ ಹೇಳಿದಳು: "ನಿಂಗೋಸ್ಕರ ಏನೂ ಮಾಡ್ಲಿಲ್ಲ. ನನ್ನ ಗೆಣಸಿನ ನಡುವೆ ಬಿದ್ದಿದ್ದೆ. ಅಲ್ಲೇ ಸತ್ತಿದ್ರೆ ಆ ಗೆಣಸು ಯಾರು ತಿಂತಿದ್ರು ಹೇಳು?" ಆಮೇಲೆ ವೆರೋನಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವಳೇನಾ ತೆಂಗಿನಹಾಲನ್ನ ಮೊದಲೇ ಹಾಕೋಳು?"

ದಾರಿಯಲ್ಲಿ ವೆರೋನಾಳೂ ಏನೋ ಮಾತು ಹೊಂದಿಸಿಕೊಂಡಿದ್ದಳು, ಅದನ್ನು ಬಿಟ್ಟುಬಿಟ್ಟಳು. ಹತ್ತಿರ ಹೋಗಿ ಬೆನಿಲ್ದಾಳ ಕೈಯಿಂದ ಒನಕೆ ತೆಗೆದುಕೊಂಡು, ಒಳ್ಳೆಯ ಉಡುಪಿನ ತೋಳು ಮೇಲೆ ಸರಿಸಿ, ಭತ್ತ ಕುಟ್ಟತೊಡಗಿದಳು. ಬೆನಿಲ್ದಾ ಒರಳಿಗೆ ಬಗ್ಗಿ ನೋಡಿದಳು. "ಇನ್ನೂ ಜೋರಾಗಿ" ಎಂದು ಹೇಳಿ, ಮೊರ ತರಲು ಹೋದಳು.